ಸಪ್ಪಳವಿಲ್ಲದ ರೊಟ್ಟಿ

ಸಂಪ್ರದಾಯವನ್ನೂ ಪ್ರಗತಿಯನ್ನೂ ಸಮನಾಗಿ ತೂಗಿಸಿಕೊಂಡು ಹೋಗುವುದು ಒಂದು ದೇಶಕ್ಕೆ ಅಂಥ ಕಷ್ಟದ ಕೆಲಸವೇನಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ವಿಜಯಪುರ ಜಿಲ್ಲೆಯ ಇಂಡಿ ಎಂಬ ಊರಿನ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಕಲಿಸುವ ಮಾಸ್ತರ ನಾನು. ಧ್ವಜ ಹಾರಿಸುವ ದಿನಗಳಲ್ಲೆಲ್ಲ ಇದೇ ವಿಷಯದ ಮೇಲೆ ಭಾಷಣ ಮಾಡುವ ಜವಾಬ್ದಾರಿ ನನ್ನದೇ. “ನಮ್ಮದು ಹಲವು ಮತ, ಹಲವು ಭಾಷೆ, ಹಲವು ಊಟದ ದೇಶ. ಒಂದು ಕೈಯಲ್ಲಿ ಹಳೆಯದನ್ನು ಹಿಡಿಯಬೇಕು, ಇನ್ನೊಂದು ಕೈಯಲ್ಲಿ ಹೊಸದನ್ನು ಹಿಡಿಯಬೇಕು” ಎಂದು ಎರಡೂ ಕೈ ಮೇಲೆತ್ತಿ ತೋರಿಸುತ್ತೇನೆ. ಮಕ್ಕಳು ಪೇಡೆ ಹಂಚುವುದು ಯಾವಾಗ ಎಂದು ನನ್ನ ಕೈಗಳನ್ನೇ ನೋಡುತ್ತ ನಿಂತಿರುತ್ತಾರೆ. ಹೀಗೆ ದೇಶದ ಸಮಸ್ಯೆಯನ್ನು ವರ್ಷಕ್ಕೆರಡು ಸಲ ಬಗೆಹರಿಸುತ್ತಿದ್ದ ನಾನು ನಮ್ಮ ಅಡುಗೆಮನೆಗೆ ಒಂದೇ ಒಂದು ಮಶೀನು ತಂದು ಪಟ್ಟ ಪಾಡನ್ನು ಈಗ ಹೇಳಬೇಕಾಗಿದೆ.

ಮೊದಲು ನಮ್ಮವ್ವನ ಪರಿಚಯ ಮಾಡಿಕೊಡುತ್ತೇನೆ. ತಾಂಬಾ ಹಳ್ಳಿಯಲ್ಲಿ ಹುಟ್ಟಿ, ಇಂಡಿಗೆ ಸೊಸೆಯಾಗಿ ಬಂದು, ಬಂದ ದಿನ ಸಂಜೆಯೇ ಜೋಳದ ರೊಟ್ಟಿ ಬಡಿಯಲು ಕೂತವಳು. ಅಂದಿನಿಂದ ಎದ್ದೇ ಇಲ್ಲ ಎನ್ನಬಹುದು. ಎಸರು ಕಾಯಿಸಿ, ಹಿಟ್ಟು ನಾದಿ, ಉಂಡೆಯನ್ನು ಹಲಗೆಯ ಮೇಲಿಟ್ಟು ಅವಳು ಬಡಿಯತೊಡಗಿದರೆ ಓಣಿಯ ಕೊನೆಯ ತನಕ ಕೇಳಿಸುತ್ತದೆ. ಆ ಸಪ್ಪಳ ಶುರುವಾದರೆ ಪಕ್ಕದ ಮನೆಯ ಕಾಂಬಳೆ ಸರ್ ತಮ್ಮ ಟ್ಯೂಷನ್ ಮುಗಿಸುತ್ತಾರೆ. ಎದುರು ಮನೆಯ ರಝಿಯಾ ಆಪಾ ಗಂಡನ ಟೈಲರಿಂಗ್ ಅಂಗಡಿಗೆ ಫೋನು ಮಾಡಿ ಬರುವಾಗ ಕೊತ್ತಂಬರಿ ತರಲು ಹೇಳುತ್ತಾಳೆ. ಮೂಲೆಯ ಕಿರಾಣಿ ಅಂಗಡಿಯ ಶೇಠಜಿ ಲೈಟು ಹಾಕುತ್ತಾರೆ. ಇವರ್ಯಾರಿಗೂ ಗಡಿಯಾರ ಇಲ್ಲವೆಂದಲ್ಲ. ಎಲ್ಲರ ಕೈಯಲ್ಲೂ ಮೊಬೈಲಿದೆ, ಆದರೆ ಮೊಬೈಲನ್ನು ಅವರು ಅವ್ವನಷ್ಟು ನಂಬುವುದಿಲ್ಲ.

ನನ್ನ ಹೆಂಡತಿ ಲತಾ ಹಾಸನದ ಕಡೆಯವಳು. ಸಿಂದಗಿಯ ಬ್ಯಾಂಕೊಂದರಲ್ಲಿ ಕೆಲಸ, ಸಂಜೆಯ ಬಸ್ಸಿಗೆ ಮನೆಗೆ ಬರುತ್ತಾಳೆ. ಮುದ್ದೆ ಕಟ್ಟುವುದರಲ್ಲಿ ಅವಳದು ಎತ್ತಿದ ಕೈ. ಮದುವೆಯಾದ ಹೊಸದರಲ್ಲಿ ರೊಟ್ಟಿ ಬಡಿಯಲು ಒಮ್ಮೆ ಕೂತಿದ್ದಳು. ಅವ್ವ ಸ್ವಲ್ಪ ಹೊತ್ತು ನೋಡಿ, “ನೀ ಬ್ಯಾಂಕ ನೋಡ್ಕೋವಾ, ಇದನ್ನ ನಾ ನೋಡ್ಕೋತೇನಿ” ಎಂದು ಹಲಗೆ ಎಳೆದುಕೊಂಡಳು. ಈ ಒಪ್ಪಂದ ಇಬ್ಬರಿಗೂ ಹಿತವಾಗಿತ್ತು, ಮುರಿಯುವ ಪ್ರಸಂಗವೇ ಬಂದಿರಲಿಲ್ಲ.

ಆ ಪ್ರಸಂಗ ಬಂದದ್ದು ಅವ್ವನ ಬಲ ಹೆಗಲಿನಿಂದ. ಕೈ ಮೇಲೆತ್ತಿ ತುರುಬು ಕಟ್ಟಿಕೊಳ್ಳಲಾಗದೆ ಒಂದು ಮುಂಜಾನೆ ಅವಳು ಲತಾಳನ್ನು ಕರೆದಾಗ ನಾನು ಶಾಲೆಗೆ ರಜೆ ಹಾಕಿದೆ. ಅವ್ವ ಯಾರಿಂದಲೂ ತುರುಬು ಕಟ್ಟಿಸಿಕೊಂಡವಳಲ್ಲ. ವಿಜಯಪುರದ ಡಾಕ್ಟರು ಹೆಗಲನ್ನು ಮುಟ್ಟಿ ನೋಡಿ, “ಆಯಿ, ಇನ್ನ ಮ್ಯಾಲ ರೊಟ್ಟಿ ಬಡಿಯೂದು ಬಂದ್ ಮಾಡ್ರಿ. ಹಿಂಗ ಬಡಕೋತ ಹ್ವಾದ್ರ ಕೈ ಎತ್ತಾಕ ಬರಂಗಿಲ್ಲ” ಎಂದರು. ಅವ್ವ ಅವರೆದುರು ಹ್ಞೂಂ ಎಂದಳು. ಬಸ್ಸಿನಲ್ಲಿ ಮಾತ್ರ ನನ್ನ ಕಡೆ ತಿರುಗಿ, “ಅವರ ಮನ್ಯಾಗ ಏನ್ ಚಪಾತಿ ತಿಂತಾರೇನು?” ಎಂದು ಕೇಳಿದಳು, ಸಂಜೆ ಎಂದಿನಂತೆ ಹಲಗೆಯ ಮುಂದೆ ಕೂತಳು.

ನಾನು ಪ್ರಗತಿಯ ಪರವಾಗಿ ಭಾಷಣ ಮಾಡುವವನಲ್ಲವೇ, ಮುಂದಿನ ರವಿವಾರವೇ ಸೊಲ್ಲಾಪುರಕ್ಕೆ ಹೋಗಿ ಒಂದು ರೊಟ್ಟಿ ಮಶೀನು ತಂದೆ. ಹಿಟ್ಟಿನ ಉಂಡೆ ಇಟ್ಟು ಮುಚ್ಚಳ ಒತ್ತಿದರೆ ಸಾಕು, ರೊಟ್ಟಿ ತಾನೇ ಅಗಲವಾಗಿ ತಾನೇ ಬೇಯುತ್ತದೆ. ಕೆಂಪು ದೀಪ ಹತ್ತುತ್ತದೆ, ಹಸಿರು ದೀಪ ಹತ್ತುತ್ತದೆ. ನಾನು ಅಂಗಡಿಯವನಿಗಿಂತ ಚೆನ್ನಾಗಿ ಅದರ ಗುಣಗಾನ ಮಾಡಿದೆ. ಅಂದು ಸಂಜೆ ಅವ್ವ ಮೊದಲ ರೊಟ್ಟಿಯನ್ನು ಎತ್ತಿ, ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, “ಗುಂಡಗೈತಿ. ಫೋಟೋಕ್ಕ ಛಲೋ ಐತಿ” ಎಂದು ಕೆಳಗಿಟ್ಟಳು. ಆಮೇಲೆ ಪಡಸಾಲೆಗೆ ಹೋಗಿ ಚಾಪೆ ಹಾಸಿಕೊಂಡು, ಸೆರಗನ್ನು ಮುಖದ ಮೇಲೆಳೆದುಕೊಂಡು ಮಲಗಿಬಿಟ್ಟಳು. ಅವಳ ಕೈಯಿಂದ ಹಲಗೆ ಕಸಿದುಕೊಂಡದ್ದು ಹೆಗಲುನೋವಿಗಿಂತ ಹೆಚ್ಚು ನೋಯಿಸಿತ್ತೆಂದು ನನಗೂ ಕಾಣುತ್ತಿತ್ತು. ಆದರೂ ನಾನು, ಹೊಸದಕ್ಕೆ ಹೊಂದಿಕೊಳ್ಳಲು ಸ್ವಲ್ಪ ಸಮಯ ಬೇಕೆಂದು ಲತಾಳಿಗೆ ಪಾಠ ಹೇಳುತ್ತಲೇ ಇದ್ದೆ.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಸಾವಾದ ಮನೆಯಲ್ಲಿ ಅಂದು ಒಲೆ ಹೊತ್ತಿಸುವುದಿಲ್ಲ, ರೊಟ್ಟಿ ಬಡಿಯುವುದಿಲ್ಲ. ಓಣಿಯವರೇ ಬುತ್ತಿ ಕಟ್ಟಿಕೊಂಡು ಬಂದು, ಒತ್ತಾಯ ಮಾಡಿ ಎರಡು ತುತ್ತು ಉಣ್ಣಿಸುತ್ತಾರೆ. ಹಾಗಾಗಿ ದಿನಾ ಸಪ್ಪಳ ಕೇಳುವ ಮನೆಯಿಂದ ಒಂದು ಸಂಜೆ ಸಪ್ಪಳ ಬರಲಿಲ್ಲವೆಂದರೆ ಓಣಿಯವರು ಸುಮ್ಮನೆ ಕೂರುವುದಿಲ್ಲ. ಅದರಲ್ಲೂ ಆ ಮನೆಯ ಹಿರಿಯಳನ್ನು ಮೊನ್ನೆ ಮೊನ್ನೆ ವಿಜಯಪುರದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಬಂದದ್ದನ್ನು ಅವರೆಲ್ಲ ನೋಡಿದ್ದಾರೆ.

ಅಂದು ಮೊದಲು ಬಂದವಳು ರಝಿಯಾ ಆಪಾ, ಕೈಯಲ್ಲಿ ಮುಚ್ಚಿದ ಪಾತ್ರೆ. ಬಾಗಿಲಲ್ಲಿ ನಿಂತು ಒಳಗೆ ನೋಡಿದಳು. ಅವ್ವ ಮುಖದ ತುಂಬ ಸೆರಗು ಹೊದ್ದು ಅಲುಗಾಡದೆ ಮಲಗಿದ್ದಾಳೆ. ಆಪಾ ಪಾತ್ರೆಯನ್ನು ಅಲ್ಲೇ ಇಟ್ಟು, “ಯಾ ಅಲ್ಲಾ, ಅವ್ವಾರ, ಮುಂಜಾನಿ ಸೈತ ಮಾತಾಡ್ಸಿದ್ರೆಲ್ರಿ” ಎಂದು ಅಳುತ್ತ ಕೂತುಬಿಟ್ಟಳು. ಅಷ್ಟರಲ್ಲಿ ಕಾಂಬಳೆ ಸರ್ ಹೆಂಡತಿಯೊಡನೆ ಬಂದರು. ಆಕೆಯ ಕೈಯಲ್ಲಿ ಚಪಾತಿ, ಕಡಲೆಹಿಟ್ಟಿನ ಪಿಠಲೆ. ಸರ್ ನನ್ನ ಹೆಗಲ ಮೇಲೆ ಕೈಯಿಟ್ಟು, “ಧೈರ್ಯಾ ತಗೋರಿ ಸರ. ಎಲ್ಲಾರೂ ಒಂದ ದಿನ ಹೋಗಾವ್ರ” ಎಂದರು. ಶೇಠಜಿಯ ಮನೆಯಿಂದ ಖಿಚಡಿ ಬಂತು, ಹಿಂದೆಯೇ ಶೇಠಜಿ ಅಂಗಡಿಯ ಅರ್ಧ ಬಾಗಿಲು ಎಳೆದು, ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು ಬಂದರು. ನಾನು ಮಶೀನಿನ ವಿಷಯ ಹೇಳಲು ಬಾಯಿ ತೆರೆದೆ. ಆದರೆ ಇಷ್ಟು ದುಃಖದ ನಡುವೆ ಹಸಿರು ದೀಪ, ಕೆಂಪು ದೀಪ ಎಂದು ಶುರು ಮಾಡುವುದು ಹೇಗೆಂದು ತಿಳಿಯದೆ ಸುಮ್ಮನೆ ನಿಂತೆ. ಅದನ್ನು ಅವರು ಶೋಕವೆಂದೇ ತಿಳಿದರು.

ಕೊನೆಗೆ ಸೆರಗು ಸರಿಯಿತು. ಅವ್ವ ಎದ್ದು ಕೂತು ಎಲ್ಲರನ್ನೂ ಒಮ್ಮೆ ನೋಡಿ, “ಇನ್ನಾ ಇದ್ದೇನವಾ. ಮಶೀನ್ ತಂದಾನ ನನ್ನ ಮಗ” ಎಂದಳು. ರಝಿಯಾ ಆಪಾ ಅಳುತ್ತಿದ್ದವಳು ನಗತೊಡಗಿದಳು, ಆಮೇಲೆ ನನ್ನ ಕಡೆ ಕೆಕ್ಕರಿಸಿ ನೋಡಿದಳು. ತಂದ ಬುತ್ತಿಯನ್ನು ಹಿಂದೆ ಒಯ್ಯುವಂತಿಲ್ಲ. ಎಲ್ಲರೂ ಅಲ್ಲೇ ಗುಂಡಾಗಿ ಕೂತು ಉಂಡೆವು. ಆಪಾ ತಂದ ಬೇಳೆಯ ದಾಲ್ಚಾ, ಕಾಂಬಳೆಯವರ ಪಿಠಲೆ, ಶೇಠಜಿಯ ಖಿಚಡಿ, ಲತಾ ಗಡಿಬಿಡಿಯಲ್ಲಿ ಕಟ್ಟಿದ ಮುದ್ದೆ, ನಮ್ಮ ಇಂಡಿಯ ಲಿಂಬೆ ಉಪ್ಪಿನಕಾಯಿ. ನಾನು ಕೈ ಎತ್ತಿ ಎತ್ತಿ ವರ್ಣಿಸುವ ದೇಶ ನಮ್ಮ ಪಡಸಾಲೆಯಲ್ಲೇ ಚಕ್ಕಂಬಕ್ಕಳ ಹಾಕಿ ಕೂತು ಉಣ್ಣುತ್ತಿತ್ತು. ನನಗೆ ನಿಜವಾಗಿಯೂ ಸಂತೋಷವಾಯಿತು. ನಡುವೆ ಇಟ್ಟ ಮಶೀನಿನ ರೊಟ್ಟಿಯನ್ನು ಮಾತ್ರ ಯಾರೂ ಮುಟ್ಟಲಿಲ್ಲ.

ಮರುದಿನ ಅವ್ವ ಗೆದ್ದವಳ ಗತ್ತಿನಲ್ಲಿ ಮತ್ತೆ ಹಲಗೆಯ ಮುಂದೆ ಕೂತಳು. ತಡೆಯುವ ಧೈರ್ಯ ಯಾರಿಗಿತ್ತು? ಹೀಗೇ ಕೆಲವು ದಿನ ನಡೆಯಿತು. ಒಂದು ಸಂಜೆ ನಾನು ಉತ್ತರ ಪತ್ರಿಕೆ ತಿದ್ದುತ್ತಿದ್ದಾಗ ಸಪ್ಪಳ ಅರ್ಧಕ್ಕೇ ನಿಂತಿತು. ಹೋಗಿ ನೋಡಿದರೆ ಅರ್ಧ ಬಡಿದ ರೊಟ್ಟಿಯ ಮುಂದೆ ಅವ್ವ ಎಡಗೈಯಲ್ಲಿ ಬಲ ಹೆಗಲು ಹಿಡಿದುಕೊಂಡು ಕೂತಿದ್ದಳು. ಕಣ್ಣಲ್ಲಿ ನೀರಿತ್ತು. “ಹಿಟ್ಟ ಆರಾಕತ್ತೈತಿ” ಎಂದಷ್ಟೇ ಹೇಳಿದಳು. ಆ ಕೈ ಉಳಿಯಬೇಕಾದರೆ ಅವಳು ಆ ಜಾಗ ಬಿಟ್ಟು ಏಳಬೇಕು, ಆದರೆ ಆ ಜಾಗ ಖಾಲಿಯಾದರೆ ಅವಳು ಉಳಿಯುವುದಿಲ್ಲ. ನಾನು ಕೈಯಲ್ಲಿದ್ದ ಪೆನ್ನು ಬದಿಗಿಟ್ಟೆ. ಕೈ ತೊಳೆದುಕೊಂಡು ಬಂದು, ಪ್ಯಾಂಟು ಮೇಲೆ ಮಡಚಿ, “ಸರಿ ಅವ್ವ, ನಾ ಬಡೀತೇನಿ. ನೀ ಹೇಳಿಕೊಡು” ಎಂದು ಕೂತೆ.

ಅವ್ವ ನಗಲಿಲ್ಲ, ಅದೇ ಹೆಚ್ಚು. ನನ್ನ ಮೊದಲ ರೊಟ್ಟಿ ನಮ್ಮ ಜಿಲ್ಲೆಯ ನಕಾಶೆಯ ಹಾಗೆ ಬಂತು. ಹಂಚಿಗೆ ಹಾಕುವಾಗ ಮುದ್ದೇಬಿಹಾಳ ಹರಿದು ಹಲಗೆಯ ಮೇಲೆ ಉಳಿಯಿತು, ಬಸವನಬಾಗೇವಾಡಿ ಅಂಗೈಗೆ ಅಂಟಿಕೊಂಡಿತು. ಇಂಡಿ, ಸಿಂದಗಿ ಎರಡೇ ಹಂಚು ಮುಟ್ಟಿದವು, ಅವೂ ಕರಕಾದವು. ಬ್ಯಾಂಕಿನಿಂದ ಬಂದ ಲತಾ ಬಾಗಿಲಲ್ಲೇ ನಿಂತು, “ಏನ್ರೀ ಇದು, ನೀವಾ?” ಎಂದು ಚೀಲ ಕೆಳಗಿಡುವುದನ್ನೂ ಮರೆತಳು. ಆಮೇಲೆ ಮೊಬೈಲು ತೆಗೆದು ಮುದ್ದೇಬಿಹಾಳದಲ್ಲಿರುವ ಅವ್ವನ ತಂಗಿ, ನಮ್ಮ ಚಿಗವ್ವನಿಗೆ ವೀಡಿಯೊ ಕಾಲ್ ಹಚ್ಚಿದಳು. ಚಿಗವ್ವ ಅಲ್ಲಿಂದಲೇ ತರಬೇತಿ ಶುರು ಮಾಡಿದಳು. “ಬೆರಳಿಲೆ ಒತ್ತಬ್ಯಾಡೋ, ಅಂಗೈಲೆ ಬಡಿ. ರೊಟ್ಟಿ ತಾನ ತಿರಗಬೇಕು” ಎಂದು ಚಿಗವ್ವ. “ಎಸರ ಕಮ್ಮಿ ಬಿದ್ದೈತಿ” ಎಂದು ಅವ್ವ. ಇಬ್ಬರ ನಡುವೆ ನಾನು ನಾದುತ್ತಲೇ ಇದ್ದೆ. ಬಿ.ಎಡ್. ಓದುವಾಗಲೂ ಯಾರೂ ನನ್ನನ್ನು ಇಷ್ಟು ತಿದ್ದಿರಲಿಲ್ಲ.

ಹಾಗಂತ ಮಶೀನು ಅಟ್ಟ ಸೇರಲಿಲ್ಲ. ಮುಂಜಾನೆಯ ಬುತ್ತಿ ಅದರದೇ. ಲತಾಳ ಬ್ಯಾಂಕಿನ ಡಬ್ಬಿ, ನನ್ನ ಶಾಲೆಯ ಡಬ್ಬಿ ಎರಡೂ ಹಸಿರು ದೀಪದ ಕೃಪೆ. ಸಂಜೆಯ ರೊಟ್ಟಿ ಮಾತ್ರ ಕೈಯದು. ಶ್ರಾವಣ ಬರುವ ಹೊತ್ತಿಗೆ ನನ್ನ ರೊಟ್ಟಿ ತಿರುಗತೊಡಗಿತು. ಒಂದು ದಿನ ಹಂಚಿನ ಮೇಲೆ ಹಾಕಿ, ನೀರು ಸವರಿ, ತಿರುವಿ ಹಾಕಿದ್ದೇ ತಡ, ಮೆಲ್ಲಗೆ ಉಬ್ಬುತ್ತ ಉಬ್ಬುತ್ತ ಪೂರ್ತಿ ಮೇಲೆದ್ದಿತು. ನಾನು ಎದ್ದು ನಿಂತುಬಿಟ್ಟೆ. ಶಾಲೆಗೆ ಪ್ರತಿಶತ ನೂರು ಫಲಿತಾಂಶ ಬಂದಾಗಲೂ ನಾನು ಹಾಗೆ ನಿಂತವನಲ್ಲ. ಅವ್ವ ಅದನ್ನು ಮುರಿದು, ಪುಂಡಿಪಲ್ಯೆ ಹಚ್ಚಿ ಬಾಯಿಗಿಟ್ಟಳು, ನಿಧಾನವಾಗಿ ಜಗಿದಳು, “ಇನ್ನೊಂದ ಹಾಕು” ಎಂದು ತಾಟು ಮುಂದೆ ಸರಿಸಿದಳು. ಗೆದ್ದೆ ಎಂದು ಅನಿಸಿತು. ಹೊರಗೆ ಕಾಂಬಳೆ ಸರ್ ಟ್ಯೂಷನ್ ಬಿಟ್ಟ ಮಕ್ಕಳ ಗದ್ದಲ ಕೇಳಿಸುತ್ತಿತ್ತು. ನನ್ನ ಸಪ್ಪಳಕ್ಕೂ ಓಣಿ ಹೊಂದಿಕೊಂಡಿತ್ತು.

ಅವ್ವನ ಹೆಗಲು ಈಗ ಎಷ್ಟೋ ವಾಸಿ. ತುರುಬು ತಾನೇ ಕಟ್ಟಿಕೊಳ್ಳುತ್ತಾಳೆ. ಮದುವೆಯಾಗಿ ಬಂದ ಮೇಲೆ ಅವಳಿಗೆ ಸಂಜೆ ಎಂಬುದು ಖಾಲಿಯಾಗಿ ಸಿಕ್ಕಿದ್ದು ಇದೇ ಮೊದಲು. ಅದನ್ನೇನು ಮಾಡುವುದೆಂದು ಕೆಲವು ದಿನ ತಿಳಿಯದೆ ಒಳಗೂ ಹೊರಗೂ ತಿರುಗಾಡಿ, ಈಗ ಎದುರಿನ ರಝಿಯಾ ಆಪಾಳ ಕಟ್ಟೆಯ ಮೇಲೆ ಕೂರುವುದನ್ನು ರೂಢಿ ಮಾಡಿಕೊಂಡಿದ್ದಾಳೆ. ಇಬ್ಬರೂ ಚಹಾ ಕುಡಿಯುತ್ತ ಓಣಿಯ ಸುದ್ದಿಯೆಲ್ಲ ಮಾತಾಡುತ್ತಾರೆ. ನಿನ್ನೆ ನಾನು ಅಡುಗೆಮನೆಯಲ್ಲಿ ಕೂತು ಬಡಿಯುತ್ತಿದ್ದಾಗ ಅವ್ವನ ದನಿ ಕಿಟಕಿಯಿಂದ ಸ್ಪಷ್ಟವಾಗಿ ಕೇಳಿತು.

“ಏನ್ ಹೇಳ್ಲಿ ರಝಿಯಾ, ಕೈ ಇನ್ನಾ ಕೂಡವಲ್ದು. ಹಿಟ್ಟ ಬಾಳ ಚೆಲ್ಲತಾನ. ನಮ್ಮ ಕಾಲದಾಗ ಹಿಂಗ ಬಡದಿದ್ರ ನಮ್ಮತ್ತಿ ಬಿಡ್ತಿದ್ಲೇನು?”

“ಇನ್ನಾ ಹೊಸದೈತೆಲ್ರಿ ಅವ್ವಾರ, ಕಲೀತಾರ ಬಿಡ್ರಿ” ಎಂದಳು ಆಪಾ, ಸಮಾಧಾನ ಹೇಳುವ ದನಿಯಲ್ಲಿ.

ಅವ್ವನ ದನಿಯಲ್ಲಿ ಎಷ್ಟು ಸುಖವಿತ್ತೆಂದರೆ, ಅತ್ತೆಯಾಗಿ ಹೇಳಲು ಅವಳು ಇಷ್ಟು ವರ್ಷ ಕಾದ ದೂರು ಅದು ಎಂದು ನನಗನಿಸಿತು. ಪಾಪ, ಹಾಸನದ ಸೊಸೆಯನ್ನು ಹೀಗೆ ದೂರಲು ಅವಳಿಗೆ ಒಂದು ದಿನವೂ ಅವಕಾಶ ಸಿಕ್ಕಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಲತಾ ನನ್ನ ಮುಖ ನೋಡಿ, “ಕೇಳಿಸ್ತಾ?” ಎಂದು ನಕ್ಕಳು. ನಾನು ಕೇಳಿಯೂ ಕೇಳದವನ ಹಾಗೆ ಮುಂದಿನ ಉಂಡೆ ಹಲಗೆಯ ಮೇಲಿಟ್ಟೆ. ಬಡಿದದ್ದು ಮಾತ್ರ ಸ್ವಲ್ಪ ಜೋರಾಗಿಯೇ.