ಒಂದು ಪೆಟ್ಟು ತಡ

ಡ್ರಮ್ಮರ್‌ನ ಕಷ್ಟವೆಲ್ಲ ಶುರುವಾದದ್ದು ಆ ಬೆಳಿಗ್ಗೆ ಕಿವಿಗೆ ಯಂತ್ರ ಹಾಕಿಸಿಕೊಂಡದ್ದರಿಂದ.

"ಇನ್ನು ಡ್ರಮ್ಸ್ ಕಡಿಮೆ ಮಾಡಿ. ಇಲ್ಲಾಂದ್ರೆ ಉಳಿದಿರೋ ಕಿವಿನೂ ಹೋಗುತ್ತೆ," ಎಂದರು ಡಾಕ್ಟರು. ಅಷ್ಟು ದೊಡ್ಡ ಮಾತು ಕೇಳಿಸಿತಲ್ಲ ಎಂಬ ಖುಷಿಯಲ್ಲಿ ಅವನು ಅರ್ಥದ ಕಡೆ ಗಮನ ಕೊಡಲಿಲ್ಲ.

ಕಿವುಡಿನ ಸಂಗತಿಯನ್ನು ಅವನು ಬ್ಯಾಂಡಿಗೆ ಹೇಳಿರಲಿಲ್ಲ. ಮೂವರ ಬ್ಯಾಂಡು: ಇವನು, ಬೇಸ್ ಗಿಟಾರಿನ ಭಾವಮೈದ, ಸ್ಯಾಕ್ಸೊಫೋನ್ ಊದುವ ಕ್ಷೌರಿಕ. ಏನನ್ನೂ ಬರೆದಿಟ್ಟುಕೊಳ್ಳದೆ, ಆ ಗಳಿಗೆಗೆ ತೋಚಿದ್ದನ್ನು ನುಡಿಸುವ ಜಾಜ್. ಮೊದಮೊದಲು ಜನ ಹಲ್ಲು ಕೀಳಿಸಲು ಸರದಿ ಕಾಯುವವರಂತೆ ಕೂತಿರುತ್ತಿದ್ದರು. ಕಿವಿ ಮಂದವಾದ ಮೇಲೆ ಇವನ ಪೆಟ್ಟು ಕೂದಲೆಳೆಯಷ್ಟು ತಡವಾಗತೊಡಗಿತು. ಬೇಕೆಂದೇ ಮಾಡುತ್ತಿದ್ದಾನೆಂದು ಭಾವಮೈದ ಬೇಸನ್ನು ಹಿಂದಕ್ಕೆ ಜಗ್ಗಿದ. ಕ್ಷೌರಿಕ ಊದುವುದನ್ನು ತುಂಡುತುಂಡಾಗಿ ಕತ್ತರಿಸಿದ. ಜನ ಎದ್ದು ಕುಣಿದರು. ಜಾಜಿಗೆ ಕುಣಿಸುವ ಫಂಕ್ ಲಯ ಬಂತು ಎಂದರು. ಬಂದದ್ದು ಕಿವುಡು.

ಮಧ್ಯಾಹ್ನ ಭಾವಮೈದನ ಗ್ಯಾರೇಜಿನಲ್ಲಿ ಅಭ್ಯಾಸ. ಪೆಟ್ಟುಗಳೆಲ್ಲ ಸರಿಯಾದ ಜಾಗಕ್ಕೆ ಬಿದ್ದವು. ಸಂಗೀತ ಕಾಲು ಮುರಿದ ಮಂಚದಂತೆ ಕುಸಿಯಿತು.

"ಏನ್ ಭಾವ, ಮೈ ಸರಿ ಇಲ್ವಾ?"

ಅವನು ಯಂತ್ರ ತೋರಿಸಿ ಎಲ್ಲ ಹೇಳಿಕೊಂಡ. ಇಬ್ಬರೂ ಕನಿಕರದಿಂದ ಕೇಳಿದರು.

"ಅಯ್ಯೋ ಪಾಪ," ಎಂದ ಕ್ಷೌರಿಕ. "ಸಂಜೆ ಮಾತ್ರ ಅದನ್ನ ತೆಗೆದಿಟ್ಟುಬಿಡು."

ಸಂಜೆ ಸಭಾಂಗಣ ತುಂಬಿತ್ತು. ಅವನು ಯಂತ್ರವನ್ನು ಜೇಬಿಗಿಳಿಸಿ, ಕಣ್ಣು ಮುಚ್ಚಿ ಬಾರಿಸತೊಡಗಿದ. ನಡುವೆ ವ್ಯವಸ್ಥಾಪಕ ಮೈಕಿಗೆ ಬಂದು, ಈ ಸಭಾಂಗಣ ಕಟ್ಟಿಸಿದ ಹಿರಿಯರು ತೀರಿಕೊಂಡರೆಂದೂ, ಅವರ ಮಗಳು ಆಸ್ಪತ್ರೆಯಿಂದ ಸುದ್ದಿ ತಂದಿದ್ದಾರೆಂದೂ, ಎಲ್ಲರೂ ಎದ್ದು ಮೌನ ಆಚರಿಸಬೇಕೆಂದೂ ಹೇಳಿದ. ಉಳಿದಿಬ್ಬರು ನುಡಿಸುವುದನ್ನು ನಿಲ್ಲಿಸಿದರು. ಇವನು ಕಣ್ಣು ತೆರೆದಾಗ ಸಭೆಗೆ ಸಭೆಯೇ ಎದ್ದು ತಲೆ ಬಾಗಿಸಿ ನಿಂತಿತ್ತು. ಜನ್ಮದಲ್ಲಿ ಕಾಣದ ಗೌರವ! ಅವನು ಇದ್ದಬದ್ದ ಶಕ್ತಿಯನ್ನೆಲ್ಲ ಸುರಿದು, ಭಾವಮೈದ ಓಡಿಬಂದು ಕೈ ಹಿಡಿಯುವವರೆಗೂ ಬಾರಿಸಿದ.

ಯಂತ್ರ ಸಿಕ್ಕಿಸಿಕೊಂಡಾಗ ಮೊದಲು ಕೇಳಿಸಿದ್ದು ಬಿಕ್ಕುವ ಸದ್ದು, ಆಮೇಲೆ ಭಾವಮೈದ ಉಸುರಿದ ಸಾವಿನ ಸುದ್ದಿ. ಸತ್ತವರ ಮಗಳು ವೇದಿಕೆ ಹತ್ತಿ ಬರುತ್ತಿದ್ದಳು. ಕಪಾಳಕ್ಕೆ ಬಿತ್ತು ಎಂದುಕೊಂಡು ಅವನು ಕೆನ್ನೆ ಗಟ್ಟಿಮಾಡಿಕೊಂಡು ನಿಂತ. ಅವಳು ಅವನ ಎರಡೂ ಕೈ ಹಿಡಿದುಕೊಂಡಳು.

"ಅಪ್ಪ ಹಾಸಿಗೆ ಹಿಡಿದಾಗಿಂದ ಎಲ್ಲರದೂ ಬರೀ ಪಿಸುಮಾತು. ಅವರಿಗೆ ಅದೇ ಆಗ್ತಿರಲಿಲ್ಲ. ನೀವೊಬ್ಬರೇ ಗಟ್ಟಿಯಾಗಿ ಕಳಿಸಿಕೊಟ್ರಿ. ನಾಳೆ ಮಣ್ಣಿಗೂ ನೀವೇ ಬಾರಿಸ್ಬೇಕು."

"ಅಮ್ಮಾ, ನನ್ನ ಕಿವಿ..." ಎಂದು ಇವನು ಬಾಯಿ ತೆರೆದ.

"ಬರ್ತಾರಮ್ಮ," ಎಂದ ಭಾವಮೈದ. "ನಮ್ಮ ಬ್ಯಾಂಡೇ ಈಗ ಸಾವಿನ ಮನೆ ಕಡೆ ತಿರುಗ್ತಾ ಇದೆ."

ಅಷ್ಟರಲ್ಲಿ ವ್ಯವಸ್ಥಾಪಕ ಜನರನ್ನು ಸರಿಸಿಕೊಂಡು ಬಂದು, ಡ್ರಮ್ಮರ್‌ನ ತೋಳು ಹಿಡಿದು ಮೂಲೆಗೆ ಕರೆದೊಯ್ದ. ಅವನು ಪಿಸುಗುಟ್ಟಿದ್ದರೂ ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳಿಸಿತು:

"ನಮ್ಮ ಮಾವಂದೂ ಇವತ್ತೋ ನಾಳೆಯೋ ಅನ್ನೋ ಹಾಗಿದೆ. ನಿಮಗೆ ಯಾವ ವಾರ ಅನುಕೂಲ?"