ಮಾವನ ಮೀನಿಗೆ ಶುದ್ಧ ನೀರು

ಮಾವ ಬಂದು ತನ್ನ ಮನೆಯಲ್ಲಿ ಇರುವುದರ ಬಗ್ಗೆ ಅಳಿಯನಿಗೆ ತಕರಾರೇನೂ ಇರಲಿಲ್ಲ. ಮಾವನ ಹಿಂದೆಯೇ ಮೂರಡಿ ಉದ್ದದ ಗಾಜಿನ ತೊಟ್ಟಿಯೊಂದು, ಅದರೊಳಗೆ ಅಂಗೈಯಗಲದ ಗೋಲ್ಡ್ ಫಿಶ್ ಒಂದು ಬಂದು ನಡುಮನೆಯಲ್ಲಿ ಠಿಕಾಣಿ ಹೂಡಿದಾಗಲೂ ಅವನು ತುಟಿ ಪಿಟಕ್ಕೆನ್ನಲಿಲ್ಲ. ಅದು ಅತ್ತೆ ಸಾಕಿದ ಮೀನು. ಅತ್ತೆ ತೀರಿಕೊಂಡು ಎಂಟು ತಿಂಗಳಾಗಿತ್ತು. ಗಡಿಯಾರ ರಿಪೇರಿ ಅಂಗಡಿಗೆ ಬೀಗ ಹಾಕಿ ಮಗಳ ಮನೆಗೆ ಬರುವಾಗ ಮಾವ ತಂದದ್ದು ಎರಡೇ: ಒಂದು ಬಟ್ಟೆಯ ಪೆಟ್ಟಿಗೆ, ಇನ್ನೊಂದು ಈ ಮೀನು.

ಆ ಮೀನು ಈಗ ಮೂರು ದಿನದಿಂದ ತೊಟ್ಟಿಯ ತಳ ಹಿಡಿದು ಕೂತಿತ್ತು. ಹೊಟ್ಟೆ ಉಬ್ಬಿತ್ತು. ರೆಕ್ಕೆ ಮೈಗೆ ಅಂಟಿಕೊಂಡಿತ್ತು. ಮಾವ ಚಹಾದ ಲೋಟ ಹಿಡಿದು ಅದರ ಮುಂದೆ ನಿಲ್ಲುತ್ತಿದ್ದರು, ಚಹಾ ಆರಿಹೋಗುತ್ತಿತ್ತು.

"ರೀ, ಅಪ್ಪ ನಿನ್ನೆಯಿಂದ ತಟ್ಟೇಲಿ ಕೈಯಾಡಿಸಿ ಹಾಗೇ ಎದ್ದು ಹೋಗ್ತಿದ್ದಾರೆ. ಈ ಮೀನಿಗೇನಾದ್ರೂ ಆದ್ರೆ ಅಮ್ಮ ಇನ್ನೊಂದ್ಸಲ ಹೋದ ಹಾಗೇ ಅವ್ರಿಗೆ," ಅಂದಳು ಹೆಂಡತಿ.

ಅಳಿಯ ಸಾಕುಮೀನಿನ ಅಂಗಡಿಗೆ ಓಡಿದ. ತೊಟ್ಟಿಯ ಗಾಜಿನ ಮೇಲೆ ಬಿಳಿ ಪುಡಿ ಕಟ್ಟುತ್ತದೆ ಎಂದು ಕೇಳಿದ್ದೇ ತಡ, ಅಂಗಡಿಯವನು "ನಿಮ್ಮನೆ ನೀರು ಗಡಸು ಸಾರ್, ಪ್ಯೂರಿಫೈಯರ್ ಹಾಕ್ಸಿ" ಎಂದು ತೀರ್ಪು ಕೊಟ್ಟು, ಮೂರು ಬಿಳಿ ಕೊಳವೆಗಳ ಯಂತ್ರವೊಂದನ್ನು ಕೈಗಿತ್ತ. ಒಂದು ತುದಿ ನಲ್ಲಿಯ ಪೈಪಿಗೆ, ಇನ್ನೊಂದು ಮೀನಿನ ತೊಟ್ಟಿಗೆ. (ಮೂರನೆಯ ತುದಿ ಎಲ್ಲಿಗೆ ಎಂಬುದನ್ನು ಅವನೂ ಹೇಳಲಿಲ್ಲ, ಇವನೂ ಕೇಳಲಿಲ್ಲ.)

ತೊಡಕಿದ್ದದ್ದು ಬಾಡಿಗೆ ಕರಾರಿನ ಒಂಬತ್ತನೇ ಷರತ್ತಿನಲ್ಲಿ: 'ಬಾಡಿಗೆದಾರರು ಯಾವ ಕಾರಣಕ್ಕೂ ನೀರಿನ ಪೈಪುಗಳನ್ನು ಮುಟ್ಟತಕ್ಕದ್ದಲ್ಲ.' ಅದನ್ನು ಬರೆಸಿದ ಓನರ್ ಮಹಡಿಯ ಮೇಲೇ ಇದ್ದರು. ಮೂವತ್ಮೂರು ವರ್ಷ ನೀರು ಸರಬರಾಜು ಕಚೇರಿಯಲ್ಲಿ ದುಡಿದು ನಿವೃತ್ತರಾದ ಒಂಟಿ ಜೀವ. ಕೆಳಗೆ ಯಾರಾದರೂ ನಲ್ಲಿಯನ್ನು ಸರಿಯಾಗಿ ತಿರುಗಿಸದಿದ್ದರೆ ಮೇಲಿನಿಂದ ಒಂದು ಕೆಮ್ಮು ಕೇಳಿಸುತ್ತಿತ್ತು.

"ಪ್ಲಂಬರ್‌ನ ಕರೀರಿ," ಅಂದಳು ಹೆಂಡತಿ.

"ಅವನು ಓನರ್ ಕಡೆಯೋನು. ಇಲ್ಲಿಂದ ನೇರ ಮಹಡಿ ಹತ್ತಿ ವರದಿ ಒಪ್ಪಿಸ್ತಾನೆ. ನಾನೇ ಮಾಡ್ತೀನಿ."

"ನೀವಾ?"

ಈ ಎರಡಕ್ಷರದಲ್ಲಿ ಹನ್ನೊಂದು ವರ್ಷದ ದಾಂಪತ್ಯದ ಸಾರವೆಲ್ಲ ಅಡಗಿತ್ತು. ಅವನು ದಾಖಲೆ ವಿಭಾಗದ ಗುಮಾಸ್ತ. ಹಳೆಯ ಕಡತ ಹುಡುಕುವುದರಲ್ಲಿ ಎತ್ತಿದ ಕೈ. ಆದರೆ ಸ್ಪ್ಯಾನರ್ ಎತ್ತಿದ ಕೈ ಅದಾಗಿರಲಿಲ್ಲ.

ಭಾನುವಾರ ಬೆಳಿಗ್ಗೆ ಓನರ್ ವಾಕಿಂಗಿಗೆ ಹೊರಟದ್ದನ್ನು ಕಿಟಕಿಯಿಂದ ಖಾತ್ರಿ ಮಾಡಿಕೊಂಡು ಅವನು ಅಡುಗೆಮನೆಯ ಸಿಂಕಿನ ಕೆಳಗೆ ತಲೆ ತೂರಿಸಿದ. ವಾಲ್ವ್ ಮುಚ್ಚಿದ. ಪೈಪು ಬಿಚ್ಚಿ, ನಡುವೆ ಯಂತ್ರಕ್ಕೆ ಹೋಗುವ ಒಂದು ಕವಲು ಕೂರಿಸಿ, ತಿರುಪಿಗೆ ಬಿಳಿ ಟೇಪು ಸುತ್ತಿ ಬಿಗಿದ. ವಾಲ್ವ್ ತೆರೆದ. ಅರ್ಧ ನಿಮಿಷ ಏನೂ ಆಗಲಿಲ್ಲ.

"ನೋಡಿದ್ಯಾ?" ಎಂದು ಹೆಂಡತಿಯ ಕಡೆ ತಿರುಗಿದ. ಮಾತು ಮುಗಿಯುವಷ್ಟರಲ್ಲಿ ಕವಲು ಕಳಚಿ ಗೋಡೆಗೆ ಬಡಿಯಿತು. ನೀರು ಅವನ ತೆರೆದ ಬಾಯಿಗೇ ಬಂತು. ವಾಲ್ವ್ ಮುಚ್ಚಲು ಹೋದರೆ ಅದರ ಹಿಡಿಯೂ ಮುರಿದು ಕೈಗೆ ಬಂತು. ಅವನು ಎರಡೂ ಅಂಗೈಗಳಿಂದ ಪೈಪಿನ ಬಾಯಿ ಅದುಮಿ ಕೂತ.

"ಓನರ್‌ಗೆ ಫೋನ್ ಮಾಡ್ಲಾ? ಟ್ಯಾಂಕ್ ಬಂದ್ ಮಾಡ್ಬೇಕಲ್ಲ!"

"ಬೇಡ! ಒಂಬತ್ತನೇ ಷರತ್ತು!"

"ನಿಮ್ಮ ಷರತ್ತು ಈಗ ಮಂಚದ ಕೆಳಗೆ ಹರೀತಿದೆ, ನೋಡ್ರೀ!"

ಮಾವ ಚಪ್ಪಲಿ ಮೆಟ್ಟಿ ಹೊರಗೆ ಹೋದರು. ವಾಕಿಂಗ್ ಮುಗಿಸಿ ಬರುತ್ತಿದ್ದ ಓನರ್ ಗೇಟಿನ ಹತ್ತಿರವೇ ಸಿಕ್ಕರು. ಸ್ವಲ್ಪ ಹೊತ್ತಿಗೆ ಅಳಿಯನ ಅಂಗೈ ಕೆಳಗಿನ ನೀರು ಸೊರಗಿ ನಿಂತಿತು. ಮೆಟ್ಟಿಲು ಇಳಿದು ಬರುವ ಹೆಜ್ಜೆಗಳ ಸದ್ದು ಕೇಳಿಸಿತು. ಮನೆ ಖಾಲಿ ಮಾಡಿ ಎಂಬ ಮಾತಿಗೆ ಏನು ಉತ್ತರ ಕೊಡಬೇಕೆಂದು ಅವನು ಒದ್ದೆ ನೆಲದ ಮೇಲೆ ಕೂತೇ ಯೋಚಿಸತೊಡಗಿದ.

ಓನರ್ ಬಗ್ಗಿ ಕವಲನ್ನು ಎತ್ತಿಕೊಂಡು ಬಹಳ ಹೊತ್ತು ನೋಡಿದರು.

"ಈ ಟೇಪ್ ಸುತ್ತಿದ್ದು ಯಾರು?"

"ನಾನೇ ಸಾರ್."

"ಉಲ್ಟಾ ಸುತ್ತಿದ್ದೀರಿ."

ಮನೆ ಖಾಲಿ ಮಾಡಿ ಎಂದಿದ್ದರೂ ಇಷ್ಟು ನೋವಾಗುತ್ತಿರಲಿಲ್ಲ. ಓನರ್ ಮೇಲಿನಿಂದ ತಮ್ಮ ಪೆಟ್ಟಿಗೆ ತಂದು, ತೋಳು ಮಡಚಿ ಸಿಂಕಿನ ಕೆಳಗೆ ಕೂತರು. ಹೊಸ ವಾಲ್ವ್ ಹಾಕಿದರು. ಟೇಪನ್ನು ಸರಿಯಾದ ದಿಕ್ಕಿಗೆ ಸುತ್ತಿ ಕವಲು ಬಿಗಿದರು. ಮೇಲೆ ಹೋಗಿ ನೀರು ಬಿಟ್ಟು ಬಂದರು. ಒಂದು ಹನಿ ಜಿನುಗಲಿಲ್ಲ. ತಮ್ಮ ಕೆಲಸವನ್ನು ತಾವೇ ಎರಡು ಸಲ ನೋಡಿಕೊಂಡು, ಆಮೇಲೆ ಕೇಳಿದರು:

"ಅಂದ ಹಾಗೆ, ಇದು ಯಾತಕ್ಕೆ?"

"ಮೀನಿಗೆ ಸಾರ್," ಅಂದ ಅಳಿಯ, ಕಳ್ಳತನ ಒಪ್ಪಿಕೊಳ್ಳುವವನ ಧ್ವನಿಯಲ್ಲಿ.

ಓನರ್ ಹೋಗಿ ತೊಟ್ಟಿಯ ಮುಂದೆ ಮಾವನ ಪಕ್ಕದಲ್ಲಿ ನಿಂತರು.

"ಯಾರು ಸಾಕಿದ್ದು?"

"ನಮ್ಮ ಮನೆಯವಳು. ಈಗಿಲ್ಲ," ಅಂದರು ಮಾವ.

"ನನ್ನವಳೂ ಸಾಕಿದ್ದಳು. ಇಂಥದ್ದೇ. ಅವಳು ಹೋದ ಮೇಲೂ ನಾಲ್ಕು ವರ್ಷ ಇತ್ತು."

ಆಮೇಲೆ ಓನರ್ ಗಾಜಿಗೆ ಮುಖ ತಂದು ಮೀನನ್ನು ಪರೀಕ್ಷಿಸಿದರು. "ಈ ಜಾತಿಗೆ ನಮ್ಮ ಗಡಸು ನೀರೇ ಒಗ್ಗುತ್ತೆ. ಆ ಯಂತ್ರದ್ದು ಲವಣಾಂಶ ಇಲ್ಲದ ಬರೀ ಖಾಲಿ ನೀರು, ಅದ್ರಲ್ಲೇ ಬಿಟ್ರೆ ಇನ್ನೂ ಸೊರಗುತ್ತೆ. ಹೊಟ್ಟೆ ನೋಡಿ, ಇದಕ್ಕೆ ಅಜೀರ್ಣ. ದಿನಕ್ಕೆಷ್ಟು ಹಾಕ್ತೀರಿ?"

"ಬೆಳಿಗ್ಗೆ ಒಂದೇ ಚಿಟಿಕೆ," ಅಂದರು ಮಾವ.

"ಮಧ್ಯಾಹ್ನ ನಾನೂ ಒಂದು ಚಿಟಿಕೆ ಹಾಕ್ತೀನಿ," ಅಂದಳು ಮಗಳು ಮೆಲ್ಲಗೆ. "ಅಪ್ಪ ಮರೆತಿರ್ತಾರೇನೋ ಅಂತ."

ಎರಡು ಚಿಟಿಕೆಗೆ ಇಷ್ಟು ದೊಡ್ಡ ಹೊಟ್ಟೆ ಬರುವುದಿಲ್ಲ ಎಂದು ಮೂವರಿಗೂ ಒಟ್ಟಿಗೇ ಹೊಳೆಯಿತು. ಮೂವರೂ ಒಟ್ಟಿಗೇ ತಿರುಗಿದರು. ಅಳಿಯನ ಅಂಗಿಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ಆಫೀಸಿಂದ ಬಂದ ಮೇಲೆ ಒಂದಿಷ್ಟು," ಅಂದ ಅವನು. "ಮುಖ ತೊಳೆದ ಮೇಲೆ ಇನ್ನೊಂದಿಷ್ಟು. ಊಟ ಆದ ಮೇಲೆ ಬ್ರೆಡ್ಡು."

"ಬ್ರೆಡ್ಡಾ!" ಹೆಂಡತಿ ಸೊಂಟದ ಮೇಲೆ ಕೈಯಿಟ್ಟಳು. "ಯಾಕ್ರೀ?"

ಅವನು ನೆಲ ನೋಡಿದ. "ನಾನು ಬಂದ್ರೆ ಈ ಮನೇಲಿ ಎದುರಿಗೆ ಓಡಿ ಬರೋದು ಅದೊಂದೇ."

ಹೆಂಡತಿ ಸೊಂಟದಿಂದ ಕೈ ತೆಗೆದು ನೆಲ ಒರೆಸುವ ಬಟ್ಟೆ ತರಲು ಹೋದಳು. ಓನರ್ ಅಡುಗೆಮನೆಗೆ ಹೋಗಿ, ತಾವೇ ಅಷ್ಟು ಚೆಂದ ಕೂರಿಸಿದ್ದ ಕವಲನ್ನು ನಿಟ್ಟುಸಿರು ಬಿಟ್ಟು ತಾವೇ ಬಿಚ್ಚಿದರು. ಹೊರಡುವಾಗ ಬಾಗಿಲಲ್ಲಿ ನಿಂತು, "ಮೂರು ದಿನ ಯಾರೂ ಏನೂ ಹಾಕ್ಬಾರ್ದು. ಬುಧವಾರ ಸಂಜೆ ನಾನೇ ಬರ್ತೀನಿ," ಎಂದು ಎಲ್ಲರಿಗೂ ಹೇಳಿದರು, ನೋಡಿದ್ದು ಮಾತ್ರ ಒಬ್ಬನನ್ನೇ.

ಬುಧವಾರದ ಹೊತ್ತಿಗೆ ಮೀನಿನ ಹೊಟ್ಟೆ ಇಳಿದಿತ್ತು, ರೆಕ್ಕೆ ಬಿಚ್ಚಿತ್ತು. ಅಳಿಯ ಆಫೀಸಿನಿಂದ ಬಂದಾಗ ಇಬ್ಬರು ಹಿರಿಯರೂ ತೊಟ್ಟಿಯ ಮುಂದೆ ಕುರ್ಚಿ ಹಾಕಿ ಕೂತಿದ್ದರು. ಮಾವ ಅರ್ಧ ಚಿಟಿಕೆ ಆಹಾರ ಉದುರಿಸಿದರು. ಮೀನು ಮೇಲೆದ್ದು ಬಾಯಿ ತೆರೆಯಿತು. ಅಷ್ಟರಲ್ಲಿ ಬಾಗಿಲಲ್ಲಿ ಚೀಲ ಹಿಡಿದು ನಿಂತ ಅಳಿಯ ಅದರ ಕಣ್ಣಿಗೆ ಬಿದ್ದ. ಆಹಾರವನ್ನು ಅಲ್ಲೇ ಬಿಟ್ಟು ಅದು ಸರ್ರನೆ ಅವನ ಕಡೆಯ ಮೂಲೆಗೆ ಬಂದು, ಗಾಜಿಗೆ ಮೂತಿಯೊತ್ತಿ ಕುಣಿಯತೊಡಗಿತು.

"ಅಯ್ಯೋ, ಮುಟ್ತಾನೇ ಇಲ್ಲ," ಅಂದರು ಮಾವ.

ಹೆಂಡತಿ ಎದುರಿಗೆ ಓಡಿ ಬಂದು ಗಂಡನ ಕೈ ಹಿಡಿದಳು. ಇಷ್ಟು ವರ್ಷಕ್ಕೆ! ಅವನ ಎದೆ ತುಂಬಿಬಂತು. ಅವಳು ಹಿಡಿದ ಕೈ ಬಿಡದೆ ಅಡುಗೆಮನೆಗೆ ಕರೆದೊಯ್ದು ಗೋಡೆಗೆ ಒರಗಿಸಿ ನಿಲ್ಲಿಸಿದಳು.

"ಅದು ತಿಂದು ಮುಗಿಸೋವರೆಗೂ ಇಲ್ಲೇ ಇರಿ. ಮುಖ ತೋರಿಸ್ಬೇಡಿ," ಎಂದು ಬಾಗಿಲು ಎಳೆದುಕೊಂಡು ಹೋದಳು.

ಹೊರಗಿನಿಂದ ನಗು ಕೇಳಿಸಿತು. ಮಾವನ ನಗು; ಈ ಮನೆಗೆ ಬಂದ ಮೇಲೆ ಇದೇ ಮೊದಲು. ಅವನು ಕತ್ತಲಲ್ಲಿ ಚೀಲ ಎದೆಗವಚಿಕೊಂಡು ತುಸು ಹೊತ್ತು ಅದನ್ನು ಕೇಳುತ್ತಾ ನಿಂತ.

"ಮುಗೀತಾ?" ಎಂದು ಕೂಗಿದ.

"ಇನ್ನೊಂದು ಚೂರಿದೆ," ಅಂತು ಓನರ್ ಧ್ವನಿ. "ಅಲ್ಲೇ ಇರಿ, ಅಳಿಯಂದ್ರೇ."