ರಾಷ್ಟ್ರಾಧ್ಯಕ್ಷರ ಮಹಾಭಿಯೋಗ ಸಮಾರಂಭ

ಒಬ್ಬ ರಾಷ್ಟ್ರಾಧ್ಯಕ್ಷರನ್ನು ಕುರ್ಚಿಯಿಂದ ಇಳಿಸುವುದು ಅಂಥ ಕಷ್ಟದ ಕೆಲಸವೇನಲ್ಲ ಎಂಬ ಸತ್ಯ ನನಗೆ ಹೊಳೆದದ್ದು ಒಂದು ಶನಿವಾರ ಮಧ್ಯಾಹ್ನ, ಊಟ ಮುಗಿಸಿ ಸೋಫಾದ ಮೇಲೆ ಅಡ್ಡಾಗಿದ್ದಾಗ. ಟಿವಿಯಲ್ಲಿ ದೂರದ ಯಾವುದೋ ದೇಶದ ಸಂಸತ್ತು ತನ್ನ ಅಧ್ಯಕ್ಷನ ಮೇಲೆ ಮಹಾಭಿಯೋಗ ಹೂಡುತ್ತಿತ್ತು. ಒಬ್ಬ ಎದ್ದು ಓದಿದ. ಉಳಿದವರು ಕೈ ಎತ್ತಿದರು. ಅಧ್ಯಕ್ಷ ಮನೆಗೆ ಹೋದ. ಇಷ್ಟೇ!

ಗಾಬರಿಯಾಗಬೇಡಿ. ನಾನು ಇಳಿಸಲು ಹೊರಟ ರಾಷ್ಟ್ರಾಧ್ಯಕ್ಷರು ಯಾವ ದೇಶಕ್ಕೂ ಸೇರಿದವರಲ್ಲ, ನಮ್ಮ ಕನ್ನಡ ಬಳಗಕ್ಕೆ ಸೇರಿದವರು. ಕೊಲ್ಲಿಯ ನಾಲ್ಕೈದು ದೇಶಗಳಲ್ಲಿ ಬಳಗದ ಶಾಖೆಗಳಿವೆ. ಬಹರೈನ್ ಶಾಖೆಯ ಮುಖ್ಯಸ್ಥರು ದಾಮೋದರಣ್ಣ. ಬರೀ 'ಅಧ್ಯಕ್ಷ' ಎಂದು ಹಾಕಿಸಿದರೆ ವಿಸಿಟಿಂಗ್ ಕಾರ್ಡು ಬೋಳು ಬೋಳಾಗಿ ಕಾಣುತ್ತದೆಂದು ಅವರು ತಮ್ಮ ಹೆಸರಿನ ಕೆಳಗೆ 'ರಾಷ್ಟ್ರಾಧ್ಯಕ್ಷರು, ಬಹರೈನ್' ಎಂದು ಬಂಗಾರದ ಅಕ್ಷರಗಳಲ್ಲಿ ಅಚ್ಚು ಹಾಕಿಸಿಕೊಂಡಿದ್ದಾರೆ. ಅದರ ಇಂಗ್ಲಿಷ್ ಬದಿಯನ್ನು ಓದಿದ ಕ್ಷೌರಿಕನೊಬ್ಬ ಕತ್ತರಿ ಕೆಳಗಿಟ್ಟು ಸೆಲ್ಯೂಟ್ ಹೊಡೆದನಂತೆ. ದಾಮೋದರಣ್ಣ ಅದನ್ನು ಸ್ವೀಕರಿಸಿಯೂ ಬಿಟ್ಟರಂತೆ! ಬಳಗಕ್ಕೊಂದು 'ಸಂವಿಧಾನ' ಇದೆ. ಅದನ್ನು ಕಾಯಲು ಐದು ಜನರ 'ಶಾಸಕ ಮಂಡಳಿ' ಇದೆ. ಐವರಲ್ಲಿ ಮೂವರು ಸಹಿ ಹಾಕಿದರೆ ಅಧ್ಯಕ್ಷರ ಮೇಲೆ ಮಹಾಭಿಯೋಗ ಮಂಡಿಸಬಹುದು. ಕುರ್ಚಿ ಜೋಡಿಸಲು ಮೂರು ಜನ ಸಿಗದ ಸಂಸ್ಥೆಯಲ್ಲಿ ಕಾನೂನಿಗೆ ಮಾತ್ರ ಬರಗಾಲವಿಲ್ಲ.

ಇನ್ನು ಅಪರಾಧದ ವಿಚಾರ. ನನ್ನ ಹೆಂಡತಿ ಶಾಲಿನಿ ಒಂದು ಕ್ಲಿನಿಕ್ಕಿನಲ್ಲಿ ನರ್ಸ್. ಅವಳೂ ಇನ್ನೈದು ಹೆಂಗಸರೂ ಸೇರಿ ಬಳಗದ ಹಬ್ಬಕ್ಕೆಂದು ಒಂದು ಸಮೂಹಗಾನ ಕಲಿತಿದ್ದರು. ಮೂರು ತಿಂಗಳ ಅಭ್ಯಾಸ, ಆರು ಜನಕ್ಕೂ ಒಂದೇ ಹಸಿರಿನ ಸೀರೆ. ಮುಖ್ಯ ಗಾಯಕಿ ಲವೀನಾಬಾಯಿ. ಶಾಲಿನಿಯ ಹಿರಿಯ ಸಹೋದ್ಯೋಗಿ, ಇಪ್ಪತ್ತೆರಡು ವರ್ಷ ಇಲ್ಲಿ ದುಡಿದು ಇನ್ನು ಒಂದು ತಿಂಗಳಲ್ಲಿ ಕೆಲಸ ಬಿಟ್ಟು ಶಾಶ್ವತವಾಗಿ ಊರಿಗೆ ಹೊರಟವರು. ಚರ್ಚಿನಲ್ಲಿ ಹಿಂದಿನ ಸಾಲಿನಲ್ಲಿ ನಿಂತು ಹಾಡಿದ್ದು ಬಿಟ್ಟರೆ ವೇದಿಕೆ ಹತ್ತಿದವರೇ ಅಲ್ಲ. "ಒಮ್ಮೆ ಮೈಕಿನ ಎದುರು ಹಾಡಿ ಹೋಗ್ತೇನೆ ಶಾಲಿನಿ, ಮತ್ತೆ ಸಾಕು" ಎಂದಿದ್ದರಂತೆ. ಹಬ್ಬದ ದಿನ ದಾಮೋದರಣ್ಣ ಅಧ್ಯಕ್ಷೀಯ ಭಾಷಣಕ್ಕೆ ಎದ್ದರು. ಅವರು ಕೂರುವ ಹೊತ್ತಿಗೆ ಹಾಲ್ ಬಿಡುವ ಸಮಯವಾಗಿತ್ತು. ಆರು ಹಸಿರು ಸೀರೆಗಳು ಪರದೆಯ ಹಿಂದಿನಿಂದ ಹಾಗೆಯೇ ಇಳಿದು ಪಾರ್ಕಿಂಗಿಗೆ ಹೋದವು. ಕಾರಿನಲ್ಲಿ ಲವೀನಾಬಾಯಿ ಹಸಿರು ಸೆರಗನ್ನು ಮಡಚಿ ಮಡಚಿ ಬಿಡಿಸುತ್ತಿದ್ದರು. ನನಗೆ ನಿಜವಾಗಿಯೂ ಹೊಟ್ಟೆ ಉರಿಯಿತು.

"ಈ ಮನುಷ್ಯನನ್ನು ಕೆಳಗಿಳಿಸಿಯೇ ಸಿದ್ಧ!" ಎಂದು ಆ ಶನಿವಾರ ಸೋಫಾದಿಂದ ಎದ್ದು ಘೋಷಿಸಿದೆ.

"ಕೆಳಗಿಳಿಸುವುದು ಎಂತಕ್ಕೆ?" ಎಂದಳು ಶಾಲಿನಿ. "ಲವೀನಾಬಾಯಿ ಹೋಗುವುದರ ಒಳಗೆ ಒಂದು ಹಾಡು ಹಾಡಿಸಿದ್ರೆ ಸಾಕು. 'ಹಾಡಿಗೆ ಟೈಮ್ ಕೊಡ್ಲಿಲ್ಲ, ಇನ್ನೊಮ್ಮೆ ಕೊಡಿ' ಅಂತ ಒಂದು ವಾಕ್ಯ ಹೇಳಿ. ಮುಗೀತಲ್ಲ?"

ಹೆಂಗಸರಿಗೆ ಸಾಂವಿಧಾನಿಕ ವಿಚಾರಗಳು ಅರ್ಥವಾಗುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಜೋರಾಗಿ ಅನ್ನಲಿಲ್ಲ. ಅಷ್ಟು ಬುದ್ಧಿ ಆಗ ಇನ್ನೂ ಉಳಿದಿತ್ತು.

ಮೊದಲ ಶಾಸಕರು ಫೆಲಿಕ್ಸಣ್ಣ, ಮೀನಾ ಸಲ್ಮಾನಿನ ಒಂದು ವರ್ಕ್‌ಶಾಪಿನಲ್ಲಿ ಫೋರ್‌ಮನ್. ನಾನು ಹೋದಾಗ ಒಂದು ಲಾರಿಯ ಕೆಳಗೆ ಮಲಗಿದ್ದರು. ನಾನು ಬಗ್ಗಿ ನಿಂತು ಪ್ರಜಾಪ್ರಭುತ್ವ ಅಪಾಯದಲ್ಲಿದೆ ಎಂದು ಅವರ ಚಪ್ಪಲಿಗಳಿಗೆ ವಿವರಿಸಿದೆ.

"ಸೈನ್ ಹಾಕುವ ಮಾರಾಯ್ರೆ, ಅದಕ್ಕೆಂತ" ಎಂದು ಲಾರಿಯ ಕೆಳಗಿನಿಂದ ಸ್ವರ ಬಂತು. "ಆದ್ರೆ ಕುರ್ಚಿಯ ವಿಷಯ ಸೇರಿಸ್ಬೇಕು. ಆರು ವರ್ಷದಿಂದ ಪ್ರೋಗ್ರಾಮ್ ಮುಗಿದ್ಮೇಲೆ ಕುರ್ಚಿ ಎತ್ತುವವ ನಾನು. ಫೋಟೋದಲ್ಲಿ ಯಾರು? ಅವ್ರು! ಒಂದೊಂದು ಪ್ರೋಗ್ರಾಮಿನದ್ದೂ ಬರೀರಿ."

ಬರೆದುಕೊಂಡೆ. ಆರು ವರ್ಷಗಳ ಕುರ್ಚಿಗಳ ಇತಿಹಾಸ ಎರಡೂವರೆ ಪುಟವಾಯಿತು. ಸಹಿಯ ಮೇಲೆ ಗ್ರೀಸಿನ ಹೆಬ್ಬೆಟ್ಟು ಉಚಿತವಾಗಿ ಬಿತ್ತು.

ಎರಡನೆಯವರು ಶ್ರೀನಾಥ್, ಬೆಂಗಳೂರಿನವರು, ಫೈನಾನ್ಸ್ ಕಂಪನಿಯಲ್ಲಿ ಕೆಲಸ, ಮಾಹೂಝಿನ ಎಂಟನೇ ಮಹಡಿಯಲ್ಲಿ ವಾಸ. ನನ್ನ ಹಾಳೆಗಳನ್ನು ಓದಿ, ಕನ್ನಡಕ ತೆಗೆದು, ತುಂಬ ದುಃಖದಿಂದ ನನ್ನನ್ನು ನೋಡಿದರು.

"ಸದಾಶಿವ ಸರ್, ಕಂಟೆಂಟ್ ಏನೋ ಚೆನ್ನಾಗಿದೆ. ಬಟ್ ಸ್ಟ್ರಕ್ಚರೇ ಇಲ್ವಲ್ಲ! ಇದು ಇಂಪೀಚ್‌ಮೆಂಟ್ ಸರ್, ಹುಡುಗಾಟ ಅಲ್ಲ. ಆರ್ಟಿಕಲ್ಸ್ ಬೇಕು. ಸ್ಲೈಡ್ಸ್ ಬೇಕು. ನಾನ್ ಮಾಡ್ಕೊಡ್ತೀನಿ ಬಿಡಿ."

ಮಾಡಿಕೊಟ್ಟರು. ಹದಿನಾಲ್ಕು ಆರೋಪಗಳು, ಮೂವತ್ತೊಂದು ಸ್ಲೈಡುಗಳು. ಹಾಡಿನ ವಿಷಯ ಹನ್ನೊಂದನೇ ಆರೋಪವಾಗಿ, ಅದರ ಉಪವಿಭಾಗ 'ಇ' ಆಗಿ, ಅಲ್ಲೆಲ್ಲೋ ಮೂಲೆಯಲ್ಲಿ ಕುಳಿತಿತ್ತು. ನನಗೆ ಮಾತ್ರ ಎದೆ ಉಬ್ಬಿತು. ಸ್ಲೈಡಿನ ಮೊದಲ ಪುಟದಲ್ಲಿ 'ಮಂಡಿಸುವವರು' ಎಂದು ನನ್ನ ಹೆಸರಿತ್ತು!

ಮೂರನೆಯವರು ಹಮೀದ್ ಭಾಯಿ, ಸನದ್‌ನಲ್ಲಿ ಕೋಲ್ಡ್ ಸ್ಟೋರ್ ಇಟ್ಟವರು. ಹಾಲು, ಖುಬೂಸ್ ರೊಟ್ಟಿ, ಮೊಬೈಲ್ ಕಾರ್ಡು ಎಲ್ಲವೂ ಸಿಗುವ ಅಂಗಡಿ. ಹಿಂದೆ ಮುಂದೆ ನೋಡದೆ ಸಹಿ ಹಾಕಿದರು, ಲಬಾನ್ ಎಂಬ ಇಲ್ಲಿಯ ಮಜ್ಜಿಗೆ ಕುಡಿಸಿದರು. ಒಂದೇ ಷರತ್ತು: "ಅವ್ರ ಒಳ್ಳೇದು ಸಹ ನಾಲ್ಕು ಹೇಳ್ಬೇಕು ಆಯ್ತಾ? ಮನುಷ್ಯನ ಮೋರೆ ನೋಡ್ಲಿಕ್ಕುಂಟಲ್ಲ ನಾಳೆ."

ನಾನು ಅಂಗಡಿಯಿಂದ ಹೊರಗೆ ಕಾಲಿಡುವುದರೊಳಗೆ ಹಮೀದ್ ಭಾಯಿ ಫೋನ್ ಎತ್ತಿದ್ದರು. "ದಾಮೋದರಣ್ಣ, ಸಲಾಮ್. ಎಂತಯಾ, ಇಲ್ಲಿ ನಿಮ್ಮ ಮೇಲೆ ಒಂದು ಸೈನ್ ಹಾಕಿದ್ದೇನೆ. ಬೇಜಾರು ಮಾಡ್ಬೇಡಿ."

ಮನೆ ತಲುಪುವ ಮೊದಲೇ ದಾಮೋದರಣ್ಣನ ಕರೆ ಬಂತು. ಬೈಗುಳ ತಿನ್ನಲು ತಯಾರಾಗಿ ಕಾರು ಬದಿಗೆ ನಿಲ್ಲಿಸಿದೆ.

"ಭಾರೀ ಒಳ್ಳೆ ಕೆಲ್ಸ ಸದಾಶಿವ!" ಎಂದರು. "ಎರಡು ತಿಂಗಳಿಂದ ಬಳಗದಲ್ಲಿ ಒಂದು ಕಾರ್ಯಕ್ರಮ ಇಲ್ಲ ಅಂತ ನಾನೇ ಮಂಡೆಬಿಸಿ ಮಾಡ್ಕೊಂಡಿದ್ದೆ. ನೀನೆಂತ ಹೆದರ್ಬೇಡ, ಹಾಲ್ ನಾನೇ ಬುಕ್ ಮಾಡ್ತೇನೆ. ಮತ್ತೆ ಆ ಹೆಂಗಸರ ಹಾಡು ಬಾಕಿ ಉಂಟಲ್ಲ, ಅದನ್ನೂ ಇಡುವ. ನಿನ್ನ ಭಾಷಣ ಆದ ಕೂಡ್ಲೇ."

ಎರಡು ತಿಂಗಳಂತೆ! ಹಬ್ಬ ನಡೆದು ಎರಡು ವಾರವೂ ಆಗಿರಲಿಲ್ಲ. ಅದು ಹೋಗಲಿ. ಹಾಡಿಗೆ ಜಾಗ ಸಿಕ್ಕಿತ್ತು, ಅದೂ ಲವೀನಾಬಾಯಿ ವಿಮಾನ ಹತ್ತುವ ಎರಡು ದಿನ ಮೊದಲಿನ ಶುಕ್ರವಾರ. ನಾನು ಅಲ್ಲಿಗೇ ನಿಲ್ಲಿಸಬೇಕಿತ್ತು. ಶಾಲಿನಿಯೂ ಅದನ್ನೇ ಹೇಳಿದಳು: "ಸಿಕ್ಕಿತಲ್ಲ! ಇನ್ನು ನಿಮ್ಮ ಆ ಮಹಾ ಎಂತದೋ ಬಿಟ್ಟುಬಿಡಿ." ಆದರೆ ನನ್ನ ಬಳಿ ಮೂವತ್ತೊಂದು ಸ್ಲೈಡುಗಳಿದ್ದವು. ಅವನ್ನು ಏನು ಮಾಡುವುದು?

ಮರುದಿನ ವಾಟ್ಸಾಪ್ ಗುಂಪಿಗೆ ಬಣ್ಣಬಣ್ಣದ ಪೋಸ್ಟರು ಬಂತು. ಮೇಲೆ 'ಮಹಾಭಿಯೋಗ ಸಮಾರಂಭ, ಸರ್ವರಿಗೂ ಆದರದ ಸ್ವಾಗತ'. ಅದರ ಕೆಳಗೆ ಮುಕ್ಕಾಲು ಪಾಲು ಜಾಗದಲ್ಲಿ ಕೈಮುಗಿದು ನಗುತ್ತಿರುವ ದಾಮೋದರಣ್ಣ. 'ಸಭಾಧ್ಯಕ್ಷತೆ: ಶ್ರೀ ದಾಮೋದರ, ರಾಷ್ಟ್ರಾಧ್ಯಕ್ಷರು. ಆರೋಪಿ: ಶ್ರೀ ದಾಮೋದರ, ರಾಷ್ಟ್ರಾಧ್ಯಕ್ಷರು.' ಮೂಲೆಯಲ್ಲಿ ಅಂಚೆಚೀಟಿಯಷ್ಟು ಗಾತ್ರದ ನನ್ನ ಮೋರೆ. ಅದೂ ಹತ್ತು ವರ್ಷ ಹಿಂದಿನ ಸಿಪಿಆರ್ ಗುರುತಿನ ಕಾರ್ಡಿನದು.

ಶುಕ್ರವಾರ ಮಧ್ಯಾಹ್ನ ಹಾಲ್ ತುಂಬಿತು. ನಾಲ್ಕು ಗಂಟೆಗೆ ಸರಿಯಾಗಿ ಖಾಲಿ ಮಾಡಬೇಕು, ಆಮೇಲೆ ಬೇರೆಯವರ ಬರ್ತ್‌ಡೇ ಪಾರ್ಟಿ ಇದೆ ಎಂದು ವಾಚ್‌ಮನ್ ಮೊದಲೇ ಎಚ್ಚರಿಸಿದ್ದ. ಪ್ರಾರ್ಥನೆ, ದೀಪ, ಸ್ವಾಗತ ಎಲ್ಲ ಮುಗಿದು ನನ್ನ ಸರದಿ ಬಂದಾಗ ಮೂರು ದಾಟಿತ್ತು. ಪರದೆಯ ಬದಿಯಲ್ಲಿ ಹಸಿರು ಸೀರೆಗಳು ಸಾಲಾಗಿ ನಿಂತಿದ್ದವು. ಲವೀನಾಬಾಯಿ ಕಣ್ಣುಮುಚ್ಚಿ ಸಾಲುಗಳನ್ನು ಗುನುಗುತ್ತಿದ್ದರು. ಶಾಲಿನಿ ನನಗೆ ಐದು ಬೆರಳು ತೋರಿಸಿದಳು. ಐದು ನಿಮಿಷ. ನಾನು ಗಂಭೀರವಾಗಿ ತಲೆಯಾಡಿಸಿದೆ.

ಆದರೆ ನಮ್ಮವರ ಸಭೆಯಲ್ಲಿ ಶಾಲು ಹೊದೆಸದೆ ಯಾರಿಗೂ ಮೈಕ್ ಕೊಡುವ ಪದ್ಧತಿಯಿಲ್ಲ. ಶಾಲು ಹೊದೆಸುವವರು ಅಧ್ಯಕ್ಷರು. ಹಾಗಾಗಿ ಆರೋಪಿಯೇ ಎದ್ದು ಬಂದು ಆರೋಪಿಸುವವನಿಗೆ ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟು, ಫೋಟೋಕ್ಕೆ ನಿಂತರು. ಫೋಟೋಗ್ರಾಫರ್ "ಇನ್ನೊಂದು" ಎಂದ. ಇನ್ನೊಂದಕ್ಕೆ ನಿಂತೆವು. ನಾನು ನಕ್ಕೆ ಬೇರೆ!

ಶಾಲು ಮೈಮೇಲೆ ಬಿದ್ದದ್ದೇ ತಡ, ಹದಿನೈದು ವರ್ಷ ಇಂಥ ವೇದಿಕೆಗಳಲ್ಲಿ ಪಳಗಿದ ನನ್ನ ನಾಲಗೆ ತಾನಾಗಿಯೇ ಹೊರಟಿತು. "ವೇದಿಕೆಯ ಮೇಲೆ ಆಸೀನರಾಗಿರುವ, ನಮ್ಮೆಲ್ಲರ ನೆಚ್ಚಿನ ನಾಯಕರೂ, ಕೊಡುಗೈ ದಾನಿಗಳೂ, ಸರಳ ಸಜ್ಜನಿಕೆಯ ಸಾಕಾರಮೂರ್ತಿಗಳೂ ಆದ ರಾಷ್ಟ್ರಾಧ್ಯಕ್ಷ ದಾಮೋದರಣ್ಣನವರೇ..." ಸಭೆ ಚಪ್ಪಾಳೆ ತಟ್ಟಿತು. ಆಮೇಲೆ ಶಾಸಕ ಮಂಡಳಿಯ ಐವರು. ಆಮೇಲೆ ಮಾಜಿ ಅಧ್ಯಕ್ಷರುಗಳು. ಒಬ್ಬರ ಹೆಸರು ಬಿಟ್ಟರೂ ಮೂರು ವರ್ಷ ಮಾತು ಬಿಡುತ್ತಾರೆ. ಪ್ರಾಯೋಜಕರು, ಅವರ ಶ್ರೀಮತಿಯರು, ಮೈಕ್ ಸೆಟ್ಟಿನವರು. ಇವರೆಲ್ಲ ಮುಗಿಯುವಾಗ ಹನ್ನೆರಡು ನಿಮಿಷವಾಗಿತ್ತು. ಆರೋಪ ಒಂದೂ ಹೊರಗೆ ಬಂದಿರಲಿಲ್ಲ!

ನಂತರ ಹಮೀದ್ ಭಾಯಿಗೆ ಕೊಟ್ಟ ಮಾತಿನಂತೆ ಅಧ್ಯಕ್ಷರ ನಾಲ್ಕು ಒಳ್ಳೆಯ ಗುಣಗಳು. ಹಮೀದ್ ಭಾಯಿ ಎದುರಿನ ಸಾಲಿನಿಂದ ಬೆರಳೆತ್ತಿ ಐದನೆಯದೊಂದನ್ನು ನೆನಪಿಸಿದರು. ನಂತರ ಫೆಲಿಕ್ಸಣ್ಣನ ಕುರ್ಚಿಗಳು. ಮೂರನೇ ವರ್ಷದ ಕುರ್ಚಿಗಳಿಗೆ ಬಂದಾಗ ಶ್ರೀನಾಥರ ಲ್ಯಾಪ್‌ಟಾಪ್ ಮುನಿಸಿಕೊಂಡಿತು. ಅದನ್ನು ಮೂವರು ಸೇರಿ ಸಮಾಧಾನಪಡಿಸಿದರು. ಶಾಲಿನಿ ಐದು ಬೆರಳು ತೋರಿಸುವುದನ್ನು ಬಿಟ್ಟು ಕೈಮುಗಿಯತೊಡಗಿದ್ದಳು. ನಾನು ಅದನ್ನು ಮೆಚ್ಚುಗೆ ಎಂದುಕೊಂಡೆ. ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ಮೈಕಿನಲ್ಲಿ ನನ್ನ ಸ್ವರ ನನಗೆ ಬಹಳ ಹಿಡಿಸಿತ್ತು. ಅಷ್ಟು ಜನ ಎದುರಿಗೆ, ಹಿಂದೆ ಪರದೆಯ ಮೇಲೆ ನನ್ನ ಹೆಸರು. ಹಾಡು, ಲವೀನಾಬಾಯಿ, ವಿಮಾನ, ಯಾವುದೂ ನೆನಪಿರಲಿಲ್ಲ.

"ಮಹನೀಯರೇ, ಈಗ ಹನ್ನೊಂದನೇ ಆರೋಪಕ್ಕೆ ಬರೋಣ. ಸಮಯಪ್ರಜ್ಞೆ!" ಎಂದು ಮೇಜು ಗುದ್ದಿದೆ. "ಮಾತಿನ ಚಪಲಕ್ಕಾಗಿ ಕಲಾವಿದರ ಸಮಯವನ್ನು ಕಸಿದುಕೊಳ್ಳುವವನಿಗೆ ಆ ಕುರ್ಚಿಯಲ್ಲಿ ಕೂರುವ ಯೋಗ್ಯತೆ ಇದೆಯೇ?"

ಹಾಲ್‌ನ ಬಾಗಿಲು ತೆರೆಯಿತು. ನಾಲ್ಕು ಗಂಟೆ. ವಾಚ್‌ಮನ್ ಬಂದ. ಅವನ ಹಿಂದೆ ಒಂದು ರಾಶಿ ಬಲೂನು, ಬಲೂನಿನ ಹಿಂದೆ ಒಂದು ಕೇಕು.

ಆಗ ದಾಮೋದರಣ್ಣ ಎದ್ದು ಮೈಕಿನ ಬಳಿ ಬಂದರು. ಜೀವಮಾನದಲ್ಲಿ ಮೊದಲ ಬಾರಿಗೆ ಚಿಕ್ಕ ಭಾಷಣ ಮಾಡಿದರು. "ನನ್ನ ಮೇಲೆ ಬಂದ ಆರೋಪ, ನನ್ನ ಭಾಷಣ ಉದ್ದ ಅಂತ. ಹೆಚ್ಚು ಹೇಳುವುದಿಲ್ಲ. ನಮಸ್ಕಾರ."

ಛಾವಣಿ ಹಾರಿ ಹೋಗುವಂಥ ಚಪ್ಪಾಳೆ! ನನ್ನ ಮೂವರು ಶಾಸಕರಲ್ಲಿ ಒಬ್ಬರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಒಬ್ಬರು ಲ್ಯಾಪ್‌ಟಾಪ್ ಮಡಚುತ್ತಿದ್ದರು. ಒಬ್ಬರು ಆಗಲೇ ಕುರ್ಚಿ ಎತ್ತತೊಡಗಿದ್ದರು. ಮಹಾಭಿಯೋಗ ಅಲ್ಲಿಗೆ ಬಿದ್ದುಹೋಯಿತು.

ನಾನು ಪರದೆಯ ಕಡೆ ತಿರುಗಿದೆ. ಲವೀನಾಬಾಯಿ ಸೀರೆಗೆ ಚುಚ್ಚಿದ್ದ ಮಲ್ಲಿಗೆಯ ಪಿನ್ನನ್ನು ತೆಗೆಯುತ್ತಿದ್ದರು. "ಪರವಾಗಿಲ್ಲ ಸದಾಶಿವಣ್ಣ, ಚಂದ ಮಾತಾಡಿದ್ರಿ" ಎಂದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಶಾಲಿನಿ ನನ್ನತ್ತ ನೋಡಲೂ ಇಲ್ಲ. ನೇರವಾಗಿ ವೇದಿಕೆ ಇಳಿದು, ಬಲೂನು ಕಟ್ಟುತ್ತಿದ್ದ ಲಾಹೋರಿನ ಗೃಹಸ್ಥರೊಬ್ಬರ ಬಳಿ ಹೋಗಿ ಹಿಂದಿಯಲ್ಲಿ ಏನೋ ಹೇಳಿದಳು. ಸರಿಯಾಗಿ ಒಂದೇ ವಾಕ್ಯ.

ಅವರು ಲವೀನಾಬಾಯಿಯ ಕಡೆ ನೋಡಿದರು. ಮಗಳ ಹುಟ್ಟುಹಬ್ಬದ ಕೇಕನ್ನು ಮೇಜಿನ ಬದಿಗೆ ಸರಿಸಿದರು. "ಆಯಿಯೇ ಬಾಜಿ, ಪೆಹಲೇ ಆಪ್ ಗಾಯಿಯೇ. ಕೇಕ್ ಕಹಾಂ ಭಾಗಾ ಜಾ ರಹಾ ಹೈ!" ಬನ್ನಿ ಅಕ್ಕ, ಮೊದಲು ನೀವು ಹಾಡಿ, ಕೇಕೇನು ಓಡಿಹೋಗುತ್ತದೆಯೇ ಎಂದು.

ಹಾಗೆ ಆರು ಜನ ಹಾಡಿದರು. ಕನ್ನಡದ ಒಂದಕ್ಷರವೂ ತಿಳಿಯದ ಮೂವತ್ತು ಮಕ್ಕಳು, ತಲೆಗೆ ಕಾಗದದ ಟೊಪ್ಪಿ ಹಾಕಿಕೊಂಡು, ನೆಲದ ಮೇಲೆ ಕುಳಿತು ಕೇಳಿದವು. ಲವೀನಾಬಾಯಿಯ ಸ್ವರ ಮೊದಲ ಸಾಲಿನಲ್ಲಿ ನಡುಗಿತು, ಎರಡನೆಯದರಲ್ಲಿ ನಿಂತಿತು, ಮೂರನೆಯದರಲ್ಲಿ ಹಾಲ್ ತುಂಬಿತು. ನಮ್ಮ ಬಳಗದವರು ಅಷ್ಟರಲ್ಲಿ ಪಾರ್ಕಿಂಗಿನಲ್ಲಿ ಬೋಂಡಾದ ಪೊಟ್ಟಣಕ್ಕೆ ಸಾಲು ನಿಂತಿದ್ದರು. ಸಂವಿಧಾನವಿದ್ದ ನಾವು ಎರಡು ಸಲ ಕೊಡಲಾರದ ಐದು ನಿಮಿಷವನ್ನು ಯಾರೋ ಒಬ್ಬ ಅಪರಿಚಿತ ಕೇಳಿದ ಕೂಡಲೇ ಕೊಟ್ಟಿದ್ದ. ನಾನು ಬಾಗಿಲ ಬಳಿ ಶಾಲು ಹೊದ್ದು, ಹಣ್ಣಿನ ಬುಟ್ಟಿ ಹಿಡಿದು ನಿಂತಿದ್ದೆ. ಒಂದು ಮಗು ಬಂದು ಅದರಿಂದ ಒಂದು ಬಾಳೆಹಣ್ಣು ಕಿತ್ತುಕೊಂಡು ಹೋಯಿತು. ನಾನು ವಿರೋಧಿಸಲಿಲ್ಲ.

ಮನೆಗೆ ಬಂದ ಮೇಲೆ ಶಾಲಿನಿ ಸೋಫಾದ ಎದುರು ನಿಂತಳು. ಅವಳ ಬಳಿ ಸ್ಲೈಡು ಇರಲಿಲ್ಲ, ಶಾಲೂ ಇರಲಿಲ್ಲ.

"ಅವತ್ತು ದಾಮೋದರಣ್ಣ ನಲ್ವತ್ತು ನಿಮಿಷ," ಎಂದಳು. "ಇವತ್ತು ನೀವು ಐವತ್ತೆರಡು."

"ಐ ಸೆಕೆಂಡ್ ಇಟ್, ಪಪ್ಪಾ," ಎಂದು ಅನುಮೋದಿಸಿದಳು ಹದಿಮೂರು ವರ್ಷದ ನಮ್ಮ ಮಗಳು ಅನು, ಫೋನಿನಿಂದ ತಲೆಯೆತ್ತದೆ.

ನನ್ನ ಸಮರ್ಥನೆ ಹೇಳಿಕೊಳ್ಳಲು ಎದ್ದು ನಿಂತೆ. ಗಂಟಲು ಸರಿಪಡಿಸಿಕೊಂಡೆ. ಬಾಯಿಂದ ತಾನಾಗಿಯೇ ಹೊರಟಿತು: "ವೇದಿಕೆಯ ಮೇಲೆ ಆಸೀನರಾಗಿರುವ..."

ತಲೆಯೆತ್ತಿ ನೋಡುವಾಗ ಕೋಣೆಯಲ್ಲಿ ನಾನೊಬ್ಬನೇ ಇದ್ದೆ.